ಆಟಕ್ಕುಂಟು, ಲೆಕ್ಕಕ್ಕೂ ಉಂಟು

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಈಗ ದೊಡ್ಡವರು ಎಲ್ಲೆಲ್ಲೋ ಬಳಸುತ್ತಾರೆ. ಕುರ್ಚಿ ಇದ್ದೂ ಅಧಿಕಾರ ಇಲ್ಲದವರು, ಸಭೆಗೆ ಕರೆಸಿಕೊಂಡೂ ಮಾತಾಡಲು ಅವಕಾಶ ಸಿಗದವರು, ಮನೆಯಲ್ಲಿ ಮೂಲೆ ಸೇರಿದ ಹಿರಿಯರು, ಎಲ್ಲರಿಗೂ ಅದು ಒಪ್ಪುತ್ತದೆ. ಆದರೆ ಆ ಮಾತಿನ ತವರು ಮಕ್ಕಳು ಆಡುವ ಬೀದಿ. ಬಾಲದಂತೆ ಹಿಂದೆ ಬಂದ ನಾಲ್ಕು ವರ್ಷದ ತಮ್ಮನನ್ನೋ ತಂಗಿಯನ್ನೋ ಬಿಟ್ಟು ಆಡಿದರೆ ಅಮ್ಮನ ಬೈಗಳು. ಸೇರಿಸಿಕೊಂಡರೆ ಆಟ ಕೆಡುತ್ತದೆ. ಈ ಇಕ್ಕಟ್ಟಿಗೆ ಮಕ್ಕಳೇ ಕಂಡುಕೊಂಡ ಉಪಾಯ ಅದು. ಪುಟ್ಟವರು ಎಲ್ಲರೊಡನೆ ಓಡಬಹುದು, ಕೂಗಬಹುದು, ಬೀಳಬಹುದು. ಆದರೆ ಚೆಂಡು ತಗುಲಿದರೂ ಔಟಿಲ್ಲ, ಗೆದ್ದರೂ ಗೆಲುವಿಲ್ಲ. ಪುಟ್ಟವರಿಗೆ ಇದು ತಿಳಿಯುವುದೇ ಇಲ್ಲ. ಹಾಗಾಗಿ ಸಂತೋಷವಾಗಿಯೇ ಇರುತ್ತಾರೆ. ಕಷ್ಟವೆಲ್ಲ ತಿಳಿಯುವ ವಯಸ್ಸು ಬಂದವರಿಗೆ.

ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಅಡ್ಡರಸ್ತೆಯಲ್ಲಿ ಅಂಥ ಹುಡುಗನೊಬ್ಬನಿದ್ದ. ಮಾತು 1978ರದು. ಎರಡೂ ಕಡೆ ಹೆಂಚಿನ ಮನೆಗಳು, ಮುಂದೆ ಜಗುಲಿ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ರಸ್ತೆಯಲ್ಲಿ ಸೈಕಲ್ಲುಗಳು, ಆಗೊಮ್ಮೆ ಈಗೊಮ್ಮೆ ಜಟಕಾ, ದಿನಕ್ಕೆ ನಾಲ್ಕೈದು ಸ್ಕೂಟರು. ಕಾರು ಬಂದರೆ ಆಟ ನಿಲ್ಲಿಸಿ, ಯಾರ ಮನೆಗೆ ಬಂತೆಂದು ನೋಡುತ್ತಿದ್ದ ಕಾಲ. ಸಂಜೆ ನಾಲ್ಕೂವರೆಗೆ ಶಾಲೆಯ ಚೀಲ ನಡುಮನೆಗೆ ಬಿದ್ದರೆ, ಐದಕ್ಕೆ ಹದಿನಾಲ್ಕು ಹದಿನೈದು ಮಕ್ಕಳು ಬೀದಿಯಲ್ಲಿ ಹಾಜರು. ಯಾರೂ ಯಾರನ್ನೂ ಕರೆಯಬೇಕಾಗಿರಲಿಲ್ಲ.

ಯಾವಾಗ ಯಾವ ಆಟ ಎಂಬುದಕ್ಕೂ ಒಂದು ಪಂಚಾಂಗವಿತ್ತು. ಅದನ್ನು ಬರೆದವರು ಮಾತ್ರ ಯಾರೂ ಇಲ್ಲ. ಒಂದು ದಿನ ಎಲ್ಲರ ಜೇಬಿನಲ್ಲೂ ಗೋಲಿ. ಇನ್ನೊಂದು ದಿನ ನೋಡಿದರೆ ಗೋಲಿಯೆಲ್ಲ ಡಬ್ಬಿ ಸೇರಿ ಬುಗುರಿ ಬಂದಿರುತ್ತಿತ್ತು. ಬೆರಳಲ್ಲಿ ತಿರುಗಿಸುವ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ಮನೆಯೊಳಗಿನ ಸೊಗಸಿಗೆ. ಬೀದಿಗೆ ಮೊಳೆ ಹೊಡೆದ ಗಟ್ಟಿಮರದ ಬುಗುರಿಯೇ ಆಗಬೇಕು. ಸೋತವನ ಬುಗುರಿಯ ಮೇಲೆ ಬೀಳುತ್ತಿದ್ದ ಒಂದೊಂದು ಗುನ್ನವೂ ಅವನ ಎದೆಗೇ ಬಿದ್ದಂತೆ. ಪರೀಕ್ಷೆ ಮುಗಿದರೆ ಚಿನ್ನಿದಾಂಡು ಮತ್ತು ಲಗೋರಿ. ಆಷಾಢದ ಗಾಳಿಗೆ ಗಾಳಿಪಟ. ಮಳೆ ಹಿಡಿದರೆ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕವಡೆ ಆಡಿಸುವುದು. ಮಣೆಯಾಟವೆಂದರೆ ಮೈಸೂರಿಗೆ ಹಳೆಯ ನಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹೊಸ ಹೊಸ ಮಣೆಯಾಟಗಳನ್ನು ರೂಪಿಸಿದ ದೊರೆ. ಜಗುಲಿಯ ಮಕ್ಕಳಿಗೆ ಅದೆಲ್ಲ ಗೊತ್ತಿರಲಿಲ್ಲ. ಅವರ ಚಿಂತೆಯೆಲ್ಲ ನಾಲ್ಕೂ ಕವಡೆ ಕವುಚಿ ಬಿದ್ದು ಬಾರ ಆಗುತ್ತದೋ ಇಲ್ಲವೋ ಎಂಬುದು.

ಕೊನೆಮನೆಯ ಹುಡುಗನಿಗೆ ಆಗ 10 ವರ್ಷ. ಕೂಸಾಗಿದ್ದಾಗ ಬಂದ ಪೋಲಿಯೊ ಅವನ ಎಡಗಾಲನ್ನು ಸೊರಗಿಸಿತ್ತು. ಕಾಲಿಗೆ ಕಬ್ಬಿಣದ ಪಟ್ಟಿ, ಅದಕ್ಕೆ ಹೊಂದಿಸಿದ ಬೂಟು. ನಡೆದರೆ ಠಕ್ ಠಕ್ ಎಂಬ ಸದ್ದು. ಬೀದಿಯ ಮಕ್ಕಳು ಕೆಟ್ಟವರಲ್ಲ. ಅವನನ್ನು ಒಮ್ಮೆಯೂ ಅಣಕಿಸಿದವರಲ್ಲ. ಆಟಕ್ಕೆ ತಪ್ಪದೆ ಸೇರಿಸಿಕೊಳ್ಳುತ್ತಿದ್ದರು. ಆದರೆ ನಾಲ್ಕು ವರ್ಷದ ಪುಟ್ಟವರ ಸಾಲಿಗೆ! ಅವನಿಗೆ ಒಪ್ಪಿಸಿದ್ದ ಕೆಲಸವೂ ದೊಡ್ಡದೇ. ಎಲ್ಲರ ಗೋಲಿ ಕಾಯುವುದು, ಚಿನ್ನಿದಾಂಡಿನ ಅಳತೆ ಎಣಿಸುವುದು, ಜಗಳ ಬಂದರೆ ಸಾಕ್ಷಿ ಹೇಳುವುದು. ಇಡೀ ಬೀದಿಯ ಲೆಕ್ಕ ಇಡುತ್ತಿದ್ದ ಹುಡುಗ ತಾನು ಮಾತ್ರ ಲೆಕ್ಕಕ್ಕಿಲ್ಲ.

ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಅವನು ಗಲ್ಲಿಗೆ ಹೋಗಿ, ಕಾಂಪೌಂಡಿನ ಮೇಲೆ ಹೆಂಚಿನ ಚೂರು ಇಟ್ಟು, ಕಲ್ಲಿನಿಂದ ಹೊಡೆದು ಬೀಳಿಸುತ್ತಿದ್ದ. ಇದನ್ನು ನೋಡಿದ್ದವಳು ಒಬ್ಬಳೇ, ಎದುರುಮನೆಯ ಹುಡುಗಿ. ವಯಸ್ಸು 12. ಬೀದಿಯಲ್ಲಿ ಅವಳಷ್ಟು ಜೋರಾಗಿ ಓಡುವವರು ಹುಡುಗರಲ್ಲೂ ಇರಲಿಲ್ಲ. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿಯದ ಅವಳು ಮರಕೋತಿಯಲ್ಲಿ ಹೊಂಗೆಮರದ ತುದಿಗೇ ಹತ್ತಿ ಕೂರುವವಳು.

ಏಪ್ರಿಲ್‌ನ ಒಂದು ಸಂಜೆ. ಲಗೋರಿಗೆ ಏಳು ಚಪ್ಪಟೆ ಕಲ್ಲು ಜೋಡಿಸಿ ಆಗಿತ್ತು. ಇಬ್ಬಿಬ್ಬರು ಜೋಡಿಯಾಗಿ ಮರೆಗೆ ಹೋಗಿ, ಗುಟ್ಟಿನ ಹೆಸರಿಟ್ಟುಕೊಂಡು ಬಂದು, ನಾಯಕರ ಮುಂದೆ ‘ಸೂರ್ಯ ಬೇಕೋ, ಚಂದ್ರ ಬೇಕೋ’ ಎಂದು ಕೇಳಿ ಎರಡು ಗುಂಪೂ ಆಗಿತ್ತು. ಅಷ್ಟರಲ್ಲಿ ಕೊನೆಮನೆಯ ಹುಡುಗ ಠಕ್ ಠಕ್ ಎಂದು ಬಂದು ಕಲ್ಲಿನ ಗುಪ್ಪೆಯ ಮುಂದೆ ನೆಲದ ಮೇಲೆ ಕುಳಿತುಬಿಟ್ಟ.

“ನನ್ನನ್ನ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಇಲ್ದಿದ್ರೆ ನಾನು ಏಳಲ್ಲ.”

ಬೀದಿಗೆ ಬೀದಿಯೇ ಮೌನ. ಆಮೇಲೆ ಒಬ್ಬೊಬ್ಬರದೂ ಒಂದೊಂದು ಮಾತು. ಬಿದ್ದು ಪೆಟ್ಟಾದರೆ ಅವನ ಅಮ್ಮನಿಗೆ ಉತ್ತರ ಹೇಳುವವರು ಯಾರು? ಅವನು ಯಾವ ಗುಂಪಿಗೆ ಬಂದರೂ ಆ ಗುಂಪು ಸೋಲುತ್ತದಲ್ಲ! ಅವನಿಗೆ ಚೆಂಡು ಮೆತ್ತಗೆ ಎಸೆಯಬೇಕೋ, ಜೋರಾಗಿಯೋ? ಅರ್ಧ ಗಂಟೆ ವಾದ ನಡೆಯಿತು. ಜಗುಲಿಯಲ್ಲಿ ಪೇಪರು ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮತ್ತೆ ಪೇಪರಿಗೆ ಇಳಿದರು. ಅವರು ಅಂದು ಮಾಡಿದ ಉಪಕಾರ ಅದೇ.

ಕೊನೆಗೆ ದಾರಿ ತೋರಿಸಿದವಳು ಎದುರುಮನೆಯ ಹುಡುಗಿ. “ಅವನು ಗುರಿ ಇಡ್ಲಿ. ಅವನ ಓಟ ನಾನು ಓಡ್ತೀನಿ. ನನಗೆ ಚೆಂಡು ಬಿದ್ರೆ ಅವನು ಔಟು.”

ಎದುರು ಗುಂಪಿನ ನಾಯಕ ಸುಲಭಕ್ಕೆ ಬಿಡುವವನಲ್ಲ. ಹುಡುಗನ ಕಡೆ ತಿರುಗಿ, “ಔಟಾದ್ರೆ ಔಟೇ ಕಣೋ. ಅಳಬಾರ್ದು” ಎಂದ.

“ಅಳಲ್ಲ.”

ಕಾನೂನು ಪಾಸಾಯಿತು. ಹುಡುಗ ಗೆರೆಯ ಹಿಂದೆ ನಿಂತ. ಮೊದಲ ಎಸೆತ ಗುಪ್ಪೆಯ ಪಕ್ಕಕ್ಕೆ ಹೋಯಿತು. ಎರಡನೆಯದೂ ತಪ್ಪಿತು. ಗಲ್ಲಿಯಲ್ಲಿ ನೂರಾರು ಸಲ ಹೆಂಚು ಬೀಳಿಸಿದ್ದ ಕೈ, ಹದಿನೈದು ಜೋಡಿ ಕಣ್ಣುಗಳ ಮುಂದೆ ನಡುಗುತ್ತಿತ್ತು. ಮೂರನೆಯ ಚೆಂಡು ಮೇಲಿನ ಕಲ್ಲಿಗೆ ತಾಗಿ ಪುಟಿಯಿತು. ಎದುರು ಗುಂಪಿನವನು ಹಾರಿ ಹಿಡಿದುಬಿಟ್ಟ. “ಔಟ್!”

ಎಲ್ಲರೂ ಅವನ ಮುಖವನ್ನೇ ನೋಡಿದರು. ಹುಡುಗ ಅಳಲಿಲ್ಲ. ಕಿವಿಯಿಂದ ಕಿವಿಗೆ ನಗುತ್ತಾ, ಠಕ್ ಠಕ್ ಎಂದು ಜಗುಲಿಯತ್ತ ನಡೆದು, ದಾರಿಯಲ್ಲಿ ಸಿಕ್ಕಿದ ತರಕಾರಿಯವಳಿಗೂ ಹೇಳಿದ: “ನಾನು ಔಟ್!” ಲೆಕ್ಕಕ್ಕಿಲ್ಲದವರು ಎಂದೂ ಔಟಾಗುವುದಿಲ್ಲವಲ್ಲ! ಆ ಭಾಗ್ಯ ಅವನಿಗೆ ಅಂದು ಮೊದಲ ಬಾರಿಗೆ ಸಿಕ್ಕಿತ್ತು.

ಮುಂದಿನ ವಾರಗಳಲ್ಲಿ ಅವನ ಕೈಯ ನಡುಕ ನಿಂತಿತು. ಒಂದೇ ಏಟಿಗೆ ಏಳೂ ಕಲ್ಲು ಚೆಲ್ಲಾಪಿಲ್ಲಿ. ಅವಳು ಮಿಂಚಿನಂತೆ ಓಡಿ ಕಲ್ಲು ಜೋಡಿಸಿ ‘ಲಗೋರಿ’ ಎಂದು ಕೂಗುವಷ್ಟರಲ್ಲಿ ಎದುರಿನವರಿಗೆ ಚೆಂಡು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ‘ಇಬ್ಬರನ್ನೂ ಒಂದೇ ಗುಂಪಿಗೆ ಹಾಕಬಾರದು’ ಎಂದು ಮೊದಲು ತಕರಾರು ಮಾಡಿದವರೇ ಹೊಸ ತಕರಾರು ತೆಗೆದರು!

ಆ ಜೋಡಿ ಒಂದು ವರ್ಷವಷ್ಟೇ ಉಳಿಯಿತು. 1979ರಲ್ಲಿ ಎದುರುಮನೆಯಲ್ಲಿ ಆರತಿ ಮಾಡಿದರು, ಬೀದಿಯ ಹೆಂಗಸರಿಗೆಲ್ಲ ಚಿಗಳಿ ಉಂಡೆ ಹಂಚಿದರು. ಮರುವಾರ ಹುಡುಗಿ ಆಟಕ್ಕೆ ಬರಲಿಲ್ಲ. ಅದರ ಮರುವಾರವೂ ಇಲ್ಲ. ನಾಲ್ಕು ಮಕ್ಕಳು ನಿಯೋಗ ಹೋದರು. ಅವಳ ಅಮ್ಮ ಎಲ್ಲರ ಕೈಗೂ ಚಕ್ಕುಲಿ ಕೊಟ್ಟು, “ಇನ್ನು ಅವಳು ಬರಲ್ಲ ಕಣ್ರಪ್ಪ, ನೀವು ಆಡ್ಕೊಳ್ಳಿ” ಎಂದರು. ಒಳಗಿನಿಂದ ಅಜ್ಜಿಯ ದನಿ ಬಂತು: “ಬೀದೀಲಿ ಕುಣಿದಿದ್ದು ಸಾಕು.” ಒಂದು ಸಂಜೆ ಚೆಂಡು ಉರುಳಿ ಅವಳ ಮನೆಯ ಗೇಟಿಗೆ ತಾಗಿತು. ಅವಳು ಇಳಿದು ಬಂದಳು, ಹಿಂತಿರುಗಿ ಬಾಗಿಲ ಕಡೆ ನೋಡಿದಳು, ಚೆಂಡೆತ್ತಿ ಎಸೆದಳು. ಹಿಡಿದವನ ಅಂಗೈ ಕೆಂಪಾಯಿತು. ಅವಳು ಒಳಗೆ ಹೋದಳು.

ಹಳೆಯ ಬೀದಿಯಾಟವನ್ನು ನೆನೆಯುವವರು ಸಾಮಾನ್ಯವಾಗಿ ಈ ಭಾಗವನ್ನು ಬಿಟ್ಟು ನೆನೆಯುತ್ತಾರೆ. ಆ ಬೀದಿ ಎಲ್ಲರದಾಗಿರಲಿಲ್ಲ. ಹುಡುಗಿಯರಿಗೆ ಅದು 12–13 ವರ್ಷಕ್ಕೇ ಮುಗಿಯುತ್ತಿತ್ತು. ಪಕ್ಕದ ಕೇರಿಯ ಮಕ್ಕಳು ಮೋರಿಕಟ್ಟೆಯ ಆಚೆ ನಿಂತು ನೋಡುತ್ತಿದ್ದರೇ ಹೊರತು ಈಚೆ ಬರುತ್ತಿರಲಿಲ್ಲ. ಕಾಲು ಸೋತವನನ್ನು ಮಕ್ಕಳು ಅರ್ಧ ಗಂಟೆಯ ಜಗಳದಲ್ಲಿ ಲೆಕ್ಕಕ್ಕೆ ಸೇರಿಸಿಕೊಂಡರು. ಕಾಲು ಗಟ್ಟಿಯಿದ್ದವಳನ್ನು ದೊಡ್ಡವರು ಒಂದು ಮಾತಿನಲ್ಲಿ ಲೆಕ್ಕದಿಂದ ತೆಗೆದರು.

ಬೀದಿಯೂ ಹಾಗೆಯೇ ಉಳಿಯಲಿಲ್ಲ. 1983ರಲ್ಲಿ ಭಾರತ ಕ್ರಿಕೆಟ್ ವಿಶ್ವಕಪ್ ಗೆದ್ದ ಮೇಲೆ ದಾಂಡಿನ ಜಾಗಕ್ಕೆ ಬ್ಯಾಟು ಬಂತು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಶುರುವಾದಾಗ ಭಾನುವಾರದ ಬೆಳಗು ಬರಿದಾಯಿತು. ಆಮೇಲೆ ಕಾರುಗಳು ಬಂದು ರಸ್ತೆಯ ಎರಡೂ ಬದಿಯಲ್ಲಿ ನಿಂತವು. ಟ್ಯೂಷನ್ ಬಂತು, ಕೊನೆಗೆ ಮೊಬೈಲು ಬಂತು.

ಕಾನೂನುಗಳೇನೋ ಮಕ್ಕಳ ಪರವಾಗಿಯೇ ಇವೆ. ಉದ್ಯಾನ, ಆಟದ ಬಯಲುಗಳನ್ನು ಉಳಿಸಲು ಕರ್ನಾಟಕದಲ್ಲಿ 1985ರಲ್ಲೇ ಕಾಯ್ದೆ ಬಂದಿದೆ. ಆಟ ಮಗುವಿನ ಹಕ್ಕು ಎಂದು ಸಾರಿದ, ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಒಂದನೇ ತರಗತಿಯ ಕೆಲವು ಮಕ್ಕಳನ್ನು ಶಾಲಾ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ಅವರ ಪೈಕಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ದೋಷ ಬಂದರೆ, ಉಳಿದವರಲ್ಲಿ ಅದು ಸುಮಾರು 40 ಮಂದಿಗೆ ಬಂದಿತ್ತು. ಮೈಗೂ ಕಣ್ಣಿಗೂ ಬಯಲು ಬೇಕು ಎನ್ನಲು ಇಷ್ಟು ಸಾಕು. ಅರ್ಧ ಗಂಟೆ ಜಗಳವಾಡಿ ತಾವೇ ಒಂದು ನಿಯಮ ಮಾಡಿಕೊಳ್ಳುವ ವಿದ್ಯೆ ಮಾತ್ರ ಯಾವ ಅಳತೆಗೂ ಸಿಕ್ಕುವುದಿಲ್ಲ. ಅದಕ್ಕೆ ಬಯಲಿನ ಜೊತೆಗೆ, ನಡುವೆ ಬಾಯಿ ಹಾಕದ ದೊಡ್ಡವರೂ ಬೇಕು.

2024ರ ಏಪ್ರಿಲ್‌ನಲ್ಲಿ ಮೈಸೂರಿನ ಒಂದು ಮದುವೆಮನೆಯಲ್ಲಿ ಅವರಿಬ್ಬರೂ ಎದುರಾದರು. ಅವನಿಗೆ 56, ಅವಳಿಗೆ 58. ಅವಳ ಕೈ ಹಿಡಿದು 9 ವರ್ಷದ ಮೊಮ್ಮಗಳು ನಿಂತಿದ್ದಳು. ಆತ ಮಗುವಿಗೆ, “ನಿಮ್ಮಜ್ಜಿ ಒಂದು ವರ್ಷ ನನ್ನ ಕಾಲಾಗಿದ್ರು ಪುಟ್ಟಿ” ಎಂದು ನಕ್ಕು, ಊಟದ ಎಲೆಯ ಮುಂದೆ ಕೂತು ಕಥೆಯನ್ನೆಲ್ಲ ಹೇಳಿದರು. ಪೋಲಿಯೊ ಎಂದರೇನೆಂದು ಮಗುವಿಗೆ ಗೊತ್ತಿರಲಿಲ್ಲ. ಅದೊಂದು ಒಳ್ಳೆಯ ಸುದ್ದಿ. 2014ರ ಮಾರ್ಚಿನಲ್ಲೇ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಗಿದೆ. ಮಗುವಿಗೆ ಬಂದ ಸಂದೇಹ ಬೇರೆ. ಬೆಂಗಳೂರಿನಲ್ಲಿ ಅವಳಿಗೆ ಸೋಮವಾರ ಸ್ಕೇಟಿಂಗ್, ಬುಧವಾರ ಅಬಾಕಸ್, ಶನಿವಾರ ಈಜು. “ಅಷ್ಟೊತ್ತು ಜಗಳ ಆಡಿದ್ರಲ್ಲ ಅಜ್ಜಿ, ನಿಮ್ಮ ಕೋಚ್ ಬಂದು ಬಿಡಿಸಲಿಲ್ವಾ?”

“ಕೋಚ್ ಇರಲಿಲ್ಲ ಕಣೇ. ನಾವೇ ಇದ್ದಿದ್ದು.”

ಅಜ್ಜಿ ಮೊಮ್ಮಗಳೊಡನೆ ಬೆಂಗಳೂರಿಗೆ ಹೊರಟಾಗ ಕೈಚೀಲದಲ್ಲಿ ಏಳು ಚಪ್ಪಟೆ ಕಲ್ಲುಗಳಿದ್ದವು. ಮಗಳ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಬೋರ್ಡು. ಅಸೋಸಿಯೇಷನ್‌ನವರನ್ನು ಎರಡು ಸಲ ಕಂಡು, ಮೂರನೆಯ ಸಲಕ್ಕೆ ಐದರಿಂದ ಆರರವರೆಗೆ ಒಂದು ಗಂಟೆಯ ಅನುಮತಿ ಪಡೆದರು. ಕಾರಿನ ಗಾಜಿಗೆ ಏನಾದರೂ ಆದರೆ ತಾವೇ ಹೊಣೆ ಎಂದು ಬರೆದುಕೊಟ್ಟರು.

ಮೊದಲ ದಿನ ಆರು ಮಕ್ಕಳು ಬಂದರು. ಗೇಟಿನ ಹತ್ತಿರ ಕಾವಲುಗಾರನ ಮಗ, ಏಳೆಂಟು ವರ್ಷದವನು, ನಿಂತು ನೋಡುತ್ತಿದ್ದ. ಅಜ್ಜಿ ಅವನನ್ನು ಕರೆಯಲು ಬಾಯಿ ತೆರೆದು, ಏನೋ ನೆನಪಾಗಿ ಸುಮ್ಮನಾದರು. ಬೆಂಚಿನ ಮೇಲೆ ಕೂತು ಪೇಪರು ಬಿಡಿಸಿದರು. ಮಕ್ಕಳೊಳಗೆ ಗುಸುಗುಸು ನಡೆಯಿತು. ಮೊಮ್ಮಗಳು ಓಡಿಬಂದು, “ಅಜ್ಜಿ, ಅವನನ್ನ ಆಟಕ್ಕೆ ಸೇರಿಸ್ಕೋಬೋದಾ?” ಎಂದಳು.

“ನನ್ನನ್ಯಾಕೆ ಕೇಳ್ತೀಯ? ಆಟ ನಿಮ್ದು.”

ಪೇಪರಿನ ಮರೆಯಿಂದ ಅಜ್ಜಿಗೆ ವಾದದ ಸದ್ದು ಕೇಳುತ್ತಿತ್ತು. ಹತ್ತು ನಿಮಿಷ ಕಳೆದಿರಬಹುದು. ಆಮೇಲೆ ಚೆಂಡು ಬಿದ್ದ ಸದ್ದು, ಕಲ್ಲು ಉರುಳಿದ ಸದ್ದು, ಮಕ್ಕಳ ಕೂಗು: “ಔಟ್!” ಅಜ್ಜಿ ಪೇಪರು ಇಳಿಸಿ ನೋಡಿದರು. ಕಾವಲುಗಾರನ ಮಗ ಔಟಾಗಿ, ಕಿವಿಯಿಂದ ಕಿವಿಗೆ ನಗುತ್ತಾ ಬೆಂಚಿನ ಕಡೆಗೆ ಬರುತ್ತಿದ್ದ.