ಹತ್ತೊಂಬತ್ತೂಕಾಲು ಮಿಲಿಮೀಟರ್

ಮಾಡೆಲ್ ರೈಲು ಅಂದ ಕೂಡಲೇ ಜಾತ್ರೆಯಲ್ಲಿ ಸಿಗೋ, ಕೀ ಕೊಟ್ಟರೆ ಗುಂಡಗೆ ಸುತ್ತೋ ಪ್ಲಾಸ್ಟಿಕ್ ರೈಲು ನೆನಪಾಗುವವರೇ ಹೆಚ್ಚು. ನಮ್ಮ ಅವ್ವನೂ ಅದೇ ಗುಂಪು. "ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನು?" ಅಂತ ಬ್ಯಾಡಗಿಗೆ ಹೋದಾಗಲೆಲ್ಲ ಒಮ್ಮೆ ಕೇಳ್ತಾಳೆ. ಹಾಗೆ ಅನ್ನಿಸಿದವರು ಇಲ್ಲೇ ಎದ್ದು ಹೋಗಬಹುದು, ಬೇಜಾರಿಲ್ಲ :) ಉಳಿದವರಿಗೆ ಒಂದು ವಿಚಿತ್ರ ಲೆಕ್ಕ ಹೇಳ್ತೀನಿ.

ಪ್ರಪಂಚದಲ್ಲಿ ಅತಿ ಹೆಚ್ಚು ಜನ ಬಳಸುವ ಮಾಡೆಲ್ ಅಳತೆ ಎಚ್‌ಒ. ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಅದರ ಹಳಿ 16.5 ಮಿಲಿಮೀಟರ್ ಅಗಲ. ಯಾಕೆ ಅಷ್ಟೇ ಅಂದರೆ ಯುರೋಪು, ಅಮೆರಿಕಗಳ ಹಳಿಯ ಅಗಲ 1435 ಮಿಲಿಮೀಟರ್, ಅದನ್ನ 87ರಿಂದ ಭಾಗಿಸಿದರೆ ಬರೋದು 16.5. ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಲ್ಲಿ ಈಗ ಇರೋದು ಬ್ರಾಡ್‌ಗೇಜ್, 1676 ಮಿಲಿಮೀಟರ್. ಭಾಗಿಸಿ ನೋಡಿ: ಹತ್ತೊಂಬತ್ತೂಕಾಲು! ಈ ಅಗಲದ ಹಳಿ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗೋದಿಲ್ಲ. ನಮ್ಮ ಇಂಜಿನ್ನಿನ ಮಾಡೆಲ್ಲನ್ನ 16.5ರ ಹಳಿ ಮೇಲೆ ನಿಲ್ಲಿಸಿದರೆ, ದಪ್ಪ ಹೊಟ್ಟೆಯ ಮನುಷ್ಯ ಎರಡೂ ಕಾಲು ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತೆ. ಪಕ್ಕದಿಂದ ಫೋಟೋ ತೆಗೆದರೆ ಗೊತ್ತಾಗಲ್ಲ. ಎದುರಿನಿಂದ ನೋಡಿದರೆ ನನಗಂತೂ ತಡೆಯಕ್ಕಾಗಲ್ಲ.

ಇನ್ನೂ ತಮಾಷೆ ಕೇಳಿ. ಈ ದಾರಿಯಲ್ಲಿ ಮೊದಲು ಇದ್ದದ್ದು ಮೀಟರ್‌ಗೇಜ್. 1876-78ರ ಭೀಕರ ಬರದ ನಂತರ, 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಹಳಿ ಅದು. 1992ರಲ್ಲಿ ಯುನಿಗೇಜ್ ಯೋಜನೆ ಶುರುವಾದ ಮೇಲೆ, ನಾನು ಹುಟ್ಟಿ ಬುದ್ಧಿ ಬರುವಷ್ಟರಲ್ಲಿ, ಕಿತ್ತು ಹೋಗಿತ್ತು. ಆ ಸತ್ತುಹೋದ ಮೀಟರ್‌ಗೇಜಿನ ಮಾಡೆಲ್ ಹಳಿ ಮಾತ್ರ ರೆಡಿ ಸಿಗುತ್ತೆ! 12 ಮಿಲಿಮೀಟರ್ ಅಗಲ, ಪೆಕೋ, ಟಿಲಿಗ್ ಕಂಪನಿಗಳು ಮಾಡ್ತವೆ. ಸ್ವಿಟ್ಜರ್ಲೆಂಡಿನ ಗುಡ್ಡಗಾಡಿನಲ್ಲಿ ಇವತ್ತಿಗೂ ಮೀಟರ್‌ಗೇಜ್ ಓಡ್ತಿದೆ, ಅದರ ಪುಣ್ಯ. ಇಲ್ಲದ ರೈಲಿಗೆ ಹಳಿ ಇದೆ, ದಿನಾ ಮನೆ ಹಿಂದೆ ಕೂಗುತ್ತಾ ಹೋಗೋ ರೈಲಿಗೆ ಹಳಿ ಇಲ್ಲ. ಹಾಗಾಗಿ ಕೈಯಲ್ಲೇ ಮಾಡಬೇಕಾಯ್ತು.

ಇದು ಶುರುವಾಗಿದ್ದು 2021ರಲ್ಲಿ, ಮನೆಯಿಂದಲೇ ಕೆಲಸ ಮಾಡ್ತಿದ್ದ ಕಾಲದಲ್ಲಿ. ಈಗ ಬೆಂಗಳೂರಿಗೆ ವಾಪಸ್ ಹೋಗಿದ್ದೀನಿ, ಹಲಗೆ ಮಾತ್ರ ಬ್ಯಾಡಗಿಯ ಪಡಸಾಲೆಯಲ್ಲೇ ಇದೆ. ಹದಿನೈದು ದಿನಕ್ಕೊಮ್ಮೆ ಹೋಗಿ ಒಂದಷ್ಟು ಮುಂದುವರಿಸ್ತೀನಿ. ದೊಡ್ಡ ಸ್ಟೇಷನ್ ಏನಲ್ಲ. ಒಂದು ಮೇನ್ ಲೈನು, ಒಂದು ಲೂಪು, ಎರಡು ತುದಿಗೆ ಎರಡು ಪಾಯಿಂಟು, ಅಷ್ಟೇ. ನಿಜವಾದ ಲೂಪ್ ಲೈನು ಸುಮಾರು 700 ಮೀಟರ್ ಇರುತ್ತೆ, ಮಾಡೆಲ್ಲಿನಲ್ಲಿ ಅದು 8 ಮೀಟರ್. ನಮ್ಮ ಪಡಸಾಲೆಯೇ 5 ಮೀಟರ್. (2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರ್ಮ್ ಮಾಡಲು ಹೊರಟರೆ 17 ಮೀಟರ್ ದಾಟುತ್ತೆ, ಬೀದಿಗೆ ಬರಬೇಕಾಗುತ್ತೆ.) ಆದ್ದರಿಂದ ಉದ್ದದಲ್ಲಿ ರಾಜಿ, ಅಗಲದಲ್ಲಿ ಮಾತ್ರ ರಾಜಿ ಇಲ್ಲ ಅಂತ ತೀರ್ಮಾನ ಮಾಡಿದೆ.

ಹಳಿಯ ಸರಳುಗಳನ್ನ ಮಾತ್ರ ಹೊರಗಿನಿಂದ ತರಿಸಲೇಬೇಕು. 52 ಕೆಜಿ ರೈಲು ಅಂತಾರಲ್ಲ, ಅಂದರೆ ಮೀಟರಿಗೆ 52 ಕೆಜಿ ತೂಗುವ ರೈಲು, ಅದರ ಎತ್ತರ 156 ಮಿಲಿಮೀಟರ್. ಮಾಡೆಲ್ಲಿಗೆ 1.8 ಆಗುತ್ತೆ, 'ಕೋಡ್ 70' ಅನ್ನೋ ಸರಳು ಅದಕ್ಕೆ ಹೆಚ್ಚುಕಮ್ಮಿ ಸರಿಯಾಗಿ ಹೊಂದುತ್ತೆ. ಲೋಹ ನಿಕಲ್ ಸಿಲ್ವರ್. ಸಣ್ಣ ಅರ ಬೇಕಾಗಿ ರಾಣೆಬೆನ್ನೂರಿನ ಒಬ್ಬ ಪತ್ತಾರರ ಹತ್ತಿರ ಹೋಗಿದ್ದೆ. ಸರಳನ್ನ ಒಮ್ಮೆ ಉಗುರಿನಲ್ಲಿ ಕೆರೆದು ನೋಡಿ "ಇದು ಜರ್ಮನ್ ಸಿಲ್ವರ್ ರೀ, ಇದರಾಗ ಬೆಳ್ಳಿ ಏನೂ ಇಲ್ಲ" ಅಂದರು. ಹೌದು, ತಾಮ್ರ, ನಿಕಲ್, ಸತು ಅಷ್ಟೇ.

ಸ್ಲೀಪರ್ ವಿಷಯದಲ್ಲಿ ನಾನು ಓದಿದ ಎಲೆಕ್ಟ್ರಾನಿಕ್ಸ್ ಮೊದಲ ಸಲ ಮನೆಗೆ ಉಪಯೋಗಕ್ಕೆ ಬಂತು. ತಾಮ್ರದ ಪದರ ಇರುವ ಪಿಸಿಬಿ ಹಲಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತೆ. ಅದನ್ನ 3 ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕೊಯ್ದು, 31.6 ಮಿಲಿಮೀಟರಿಗೆ ತುಂಡು ಮಾಡಿ, ಅದರ ಮೇಲೆ ಸರಳನ್ನ ಬೆಸುಗೆ ಹಾಕೋದು. ನಿಜವಾದ ಕಾಂಕ್ರೀಟ್ ಸ್ಲೀಪರ್ 2.75 ಮೀಟರ್ ಉದ್ದ, ಅದಕ್ಕೇ ಆ ಲೆಕ್ಕ. ಒಂದು ಎಚ್ಚರಿಕೆ ಏನಂದರೆ ಪ್ರತಿ ಪಟ್ಟಿಯ ಮಧ್ಯೆ ತಾಮ್ರವನ್ನ ಅರದಿಂದ ಗೀರಿ ಕತ್ತರಿಸಬೇಕು. ಇಲ್ಲದಿದ್ದರೆ ಎರಡೂ ಸರಳು ಶಾರ್ಟ್. 60 ಸೆಂಟಿಮೀಟರಿಗೆ ಒಂದರಂತೆ ಹಾಕಿದರೆ ಮಾಡೆಲ್ಲಿನ ಒಂದು ಮೀಟರಿಗೆ 145 ಸ್ಲೀಪರ್. ಎಲ್ಲಕ್ಕೂ ಬೆಸುಗೆ ಹಾಕುತ್ತಾ ಕೂತರೆ ಮದುವೆ ವಯಸ್ಸು ಮೀರುತ್ತೆ. ಐದಕ್ಕೊಂದು ಪಿಸಿಬಿ, ಉಳಿದವು ಹಳೇ ಲಗ್ನಪತ್ರಿಕೆಗಳನ್ನ ಒಂದರ ಮೇಲೊಂದು ಅಂಟಿಸಿ ಕತ್ತರಿಸಿ ಬೂದು ಬಣ್ಣ ಬಳಿದವು. ನಮ್ಮ ನೆಂಟರಿಷ್ಟರ ಅರ್ಧ ಮದುವೆಗಳು ಆ ಹಳಿಯ ಕೆಳಗಿವೆ.

ಗೇಜು ಹಿಡಿಯುವ ಉಪಕರಣಕ್ಕೆ ರಾಣೆಬೆನ್ನೂರಿನ ಲೇತ್ ಅಂಗಡಿ. ಒಂದು ಹಿತ್ತಾಳೆ ರೋಲರಿಗೆ ಎರಡು ಗಾಡಿ ಕೊರೆದು, ಸರಳುಗಳು ಅದರಲ್ಲಿ ಕೂತರೆ ಒಳಗಿನ ಅಂತರ 19.25 ಆಗಬೇಕು. ಅಂಗಡಿಯಣ್ಣ "ಇಪ್ಪತ್ತ ಮಾಡಿಕೊಟ್ರ ಆಗಂಗಿಲ್ಲೇನ್ರೀ? ಯಾರ್ ನೋಡ್ತಾರ?" ಅಂದ. ನೋಡುವವರೊಬ್ಬರು ಮನೆಯಲ್ಲೇ ಇದ್ದರು.

ನಮ್ಮ ಅಜ್ಜ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ, ಕೀಮ್ಯಾನ್ ಆಗಿ 1998ರಲ್ಲಿ ನಿವೃತ್ತನಾದವ. ಕೀಮ್ಯಾನ್ ಅಂದರೆ ಹೆಗಲಿಗೆ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹೊತ್ತು ತನ್ನ ಪಾಲಿನ ಐದಾರು ಕಿಲೋಮೀಟರ್ ಹಳಿಯನ್ನ ದಿನಾ ನಡೆದು, ಸಡಿಲಾದ ಕೀಲಿಗಳನ್ನ ಹೊಡೆದು ಬಿಗಿ ಮಾಡುವವ. ಮಳೆಗಾಲ ಬೇಸಿಗೆ ಅಂತಿಲ್ಲ. ಈಗ ಅಜ್ಜನಿಗೆ ಎಂಬತ್ತೈದು ದಾಟಿದೆ, ಎರಡೂ ಕಣ್ಣಿಗೆ ಪೊರೆ. ಅಜ್ಜಿ ಹೋದಮೇಲೆ ಮಾತು ಬಹಳ ಕಡಿಮೆಯಾಗಿತ್ತು. ಟಿವಿ ಹಚ್ಚಿದರೆ ಆ ಕಡೆ ಮುಖ, ಆರಿಸಿದರೆ ಗೋಡೆ ಕಡೆ ಮುಖ.

ಮೊದಲ ಒಂದು ಅಡಿ ಹಳಿ ಮುಗಿದ ದಿನ ಅಜ್ಜನ ಕೈಯಲ್ಲಿಟ್ಟೆ. ಕಣ್ಣಿನ ಹತ್ತಿರ ಒಯ್ಯಲೇ ಇಲ್ಲ. ಹೆಬ್ಬೆರಳನ್ನ ಒಂದು ಸರಳಿನ ಮೇಲೆ, ತೋರುಬೆರಳನ್ನ ಇನ್ನೊಂದರ ಮೇಲೆ ಇಟ್ಟು ಈ ತುದಿಯಿಂದ ಆ ತುದಿಗೆ ಸವರಿದ. ಆಮೇಲೆ, "ಜಾಯಿಂಟಿಗೆ ಸಂದು ಎಲ್ಲಿ ಬಿಟ್ಟೀ ತಮ್ಮಾ? ಬ್ಯಾಸಗ್ಯಾಗ ಎಲ್ಲಿಗಿ ಹೋಗಬೇಕದು?"

ಅದು ಸರಿಯಾದ ಪ್ರಶ್ನೆ. ಹೆಂಚಿನ ಮನೆ ನಮ್ಮದು, ರಾತ್ರಿಗೂ ಮಟಮಟ ಮಧ್ಯಾಹ್ನಕ್ಕೂ 20-25 ಡಿಗ್ರಿ ವ್ಯತ್ಯಾಸ ಆಗುತ್ತೆ ಅಂತ ಹಿಡಿದರೆ ಒಂದು ಮೀಟರ್ ಸರಳು ಸುಮಾರು 0.4 ಮಿಲಿಮೀಟರ್ ಹಿಗ್ಗುತ್ತೆ. ಜಾಗ ಬಿಡದಿದ್ದರೆ ಹಳಿ ಹಾವಿನ ಹಾಗೆ ಡೊಂಕಾಗುತ್ತೆ ಅಥವಾ ಬೆಸುಗೆ ಕಿತ್ತು ಬರುತ್ತೆ. ಈಗಿನ ರೈಲು ಹಳಿಯಲ್ಲಿ ಉದ್ದುದ್ದ ಬೆಸೆದುಬಿಡ್ತಾರೆ, ಭಾರದ ಸ್ಲೀಪರ್ ಮತ್ತು ಜಲ್ಲಿ ಸೇರಿ ಅದನ್ನ ಅಲುಗದ ಹಾಗೆ ಹಿಡಿದಿಟ್ಟುಕೊಳ್ತವೆ. ಖಟ್-ಖಟ್ ಸದ್ದು ಕಡಿಮೆಯಾಗಿದ್ದಕ್ಕೆ ಅದೇ ಕಾರಣ. ನನ್ನ ಲಗ್ನಪತ್ರಿಕೆ ಸ್ಲೀಪರುಗಳಿಗೆ ಆ ತಾಕತ್ತಿಲ್ಲ. ಎರಡು ತುಂಡು ಹಳಿ ಸೇರಿಸುವಾಗ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು ಜೋಡಿಸ್ತೀನಿ, ಆಮೇಲೆ ಕಾರ್ಡ್ ಎಳೆದು ತೆಗೆಯೋದು.

ಪಾಯಿಂಟಿನ ಕಥೆ ಬೇರೆಯೇ. ಟೆಂಪ್ಲಾಟ್ ಅಂತ ಒಂದು ಉಚಿತ ತಂತ್ರಾಂಶ ಇದೆ. ಯಾವ ಗೇಜು ಕೊಟ್ಟರೂ ಅದಕ್ಕೆ ತಕ್ಕ ಪಾಯಿಂಟಿನ ನಕ್ಷೆಯನ್ನ ಪೂರ್ತಿ ಅಳತೆಯಲ್ಲಿ ಬರೆದುಕೊಡುತ್ತೆ. ಅದನ್ನ ಪ್ರಿಂಟ್ ಹಾಕಿ, ಹಲಗೆಗೆ ಅಂಟಿಸಿ, ಅದರ ಮೇಲೇ ಕಟ್ಟುತ್ತಾ ಹೋಗಬೇಕು. ಜಾಗ ಉಳಿಸಲು ನಾನು ಎಂಟೂವರೆಗೆ ಒಂದರ ಪಾಯಿಂಟ್ ಹಾಕೋಣ ಅಂತಿದ್ದೆ, 33 ಸೆಂಟಿಮೀಟರಿನಲ್ಲಿ ಮುಗಿಯುತ್ತೆ. ಅಜ್ಜ ಒಪ್ಪಲಿಲ್ಲ. "ಪ್ಯಾಸೆಂಜರ್ ನಿಲ್ಲೋ ಲೂಪಿಗಿ ಹನ್ನೆರಡರದ್ದ ಹಾಕಬೇಕು. ಒಳಗ ಕುಂತ ಮಂದಿ ವಾಲಾಡಬಾರದು." ಒಳಗೆ ಯಾರೂ ಕೂತಿರಲ್ಲ ಅಜ್ಜಾ ಅಂದೆ. ಕೇಳಲಿಲ್ಲ. ಹನ್ನೆರಡಕ್ಕೆ ಒಂದು ಅಂದರೆ ನಿಜದಲ್ಲಿ 40 ಮೀಟರ್, ನನಗೆ 46 ಸೆಂಟಿಮೀಟರ್. ಹಾಕಿದೆ.

ಕಷ್ಟ ಇರೋದು ಎರಡು ಹಳಿ ಒಂದನ್ನೊಂದು ದಾಟುವ ಜಾಗದಲ್ಲಿ. ಎರಡು ಸರಳಿನ ತುದಿಗಳನ್ನ ಓರೆಯಾಗಿ ಉಜ್ಜಿ, ಜೋಡಿಸಿ, ಒಂದು ಚೂಪಾದ ಮೂಗು ಮಾಡಬೇಕು. 12 ಮಿಲಿಮೀಟರ್ ಮುಂದೆ ಹೋದರೆ ಒಂದೇ ಮಿಲಿಮೀಟರ್ ಅಗಲ ಆಗುವಷ್ಟು ಸಣ್ಣ ಕೋನ. ಅರದ ಕೆಲಸವೇ ಒಂದು ಸಂಜೆ. ಜನವರಿಯಿಂದ ಮಾರ್ಚ್‌ವರೆಗೆ ಮಾರುಕಟ್ಟೆಗೆ ಮೆಣಸಿನಕಾಯಿ ಬರೋ ಕಾಲ ಬೇರೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲ ಕಡೆ ಹೆಸರಿದೆ, ಆದರೆ ಬೆಸುಗೆ ಹಾಕುವಾಗ ಬರೋ ಸೀನಿಗೆ ಅದು ಗೊತ್ತಿಲ್ಲ!

ಆ ಮೂಗಿಗೆ ಕರೆಂಟಿನದೂ ಒಂದು ತಕರಾರಿದೆ. ನೇರ ದಾರಿ ಇದ್ದಾಗ ಅದು ಒಂದು ಸರಳಿನ ಭಾಗ, ಲೂಪಿಗೆ ತಿರುಗಿಸಿದಾಗ ಇನ್ನೊಂದರ ಭಾಗ. ಒಂದು ಪ್ಲಸ್ ಆದರೆ ಇನ್ನೊಂದು ಮೈನಸ್. ಆದ್ದರಿಂದ ಸುತ್ತಲೂ ಸರಳಿನಲ್ಲಿ ಸಂದು ಕತ್ತರಿಸಿ ಮೂಗನ್ನ ಒಂಟಿ ಮಾಡಿ, ಪಾಯಿಂಟ್ ಎಳೆಯೋ ಕಡ್ಡಿಗೇ ಒಂದು ಮೈಕ್ರೋಸ್ವಿಚ್ ಕಟ್ಟಿದೀನಿ. ಟಂಗ್ ರೈಲು ಸರಿದರೆ ಸ್ವಿಚ್ಚೂ ಸರಿದು ಮೂಗಿನ ಕರೆಂಟ್ ಬದಲಾಗುತ್ತೆ. ಆಫೀಸಿನಲ್ಲಿ ದಿನಾ ಬರೆಯೋ ಇಫ್-ಎಲ್ಸ್, ಇಲ್ಲಿ ಬೆರಳಿಗೆ ತಾಗುತ್ತೆ ಅಷ್ಟೇ ವ್ಯತ್ಯಾಸ.

ಅಜ್ಜನಿಗೆ ಇದ್ಯಾವುದೂ ಮುಖ್ಯ ಅಲ್ಲ. ಅವನ ಗಮನ ಪೂರ್ತಿ ಟಂಗ್ ರೈಲು ಸ್ಟಾಕ್ ರೈಲಿಗೆ ಕೂರುವ ರೀತಿಯ ಮೇಲೆ. ಅದರ ನಡುವೆ 5 ಮಿಲಿಮೀಟರ್ ಅಡ್ಡ ಇದ್ದರೂ ಪಾಯಿಂಟ್ ಲಾಕ್ ಆಗಬಾರದು ಅನ್ನೋದು ರೈಲ್ವೆಯ ಪರೀಕ್ಷೆ. ಒಂದು ಹರಳು ಸಿಕ್ಕಿಕೊಂಡರೂ ಗಾಲಿ ಎರಡು ದಾರಿಯ ನಡುವೆ ಬೀಳಬಹುದು. 5ನ್ನ 87ರಿಂದ ಭಾಗಿಸಿದರೆ ಕೂದಲೆಳೆಯಷ್ಟು. ಅಜ್ಜ ಅವ್ವನ ಬಸ್ ಟಿಕೆಟ್ ಇಸಿದುಕೊಂಡು ಹರಿದು ಆ ಸಂದಿನಲ್ಲಿ ತೂರಿಸಿದ. ಹೋಯ್ತು. "ಇನ್ನೊಂಚೂರು ಉಜ್ಜು" ಅಂದ. ಉಜ್ಜಿದೆ. ಮತ್ತೆ ತೂರಿಸಿದ. ಮೂರು ಸಂಜೆ ಹೀಗೇ ನಡೀತು, ಮೂರೂ ಸಂಜೆ ಟಿವಿ ಹಚ್ಚಲಿಲ್ಲ. ನಡುನಡುವೆ ದೇವರಗುಡ್ಡದ ಕಡೆ ಒಂದು ಮಳೆಗಾಲದಲ್ಲಿ ರಾತ್ರಿ ಕಂದೀಲು ಹಿಡಿದು ಹಳಿ ಕಾದದ್ದು, ಮೀಟರ್‌ಗೇಜ್ ಕಿತ್ತ ದಿನಗಳಲ್ಲಿ ಗ್ಯಾಂಗಿನವರೆಲ್ಲ ಹಳಿ ಪಕ್ಕದಲ್ಲೇ ಬುತ್ತಿ ಬಿಚ್ಚಿ ಉಂಡದ್ದು ಹೇಳಿದ. ಅಪ್ಪನೂ ಕುರ್ಚಿ ಎಳೆದುಕೊಂಡು ಕೂತ, ಅವನಿಗೂ ಇವು ಹೊಸವಂತೆ.

ಇಂಜಿನ್ ಇನ್ನೂ ಇಲ್ಲ. ಮೋಟಾರು ಇರುವ ಗಾಲಿಗಳನ್ನ ಅಗಲ ಮಾಡೋದು ಸುಲಭದ ಕೆಲಸವಲ್ಲ. ಸದ್ಯಕ್ಕೆ ಒಂದು ವ್ಯಾಗನ್ ಮಾತ್ರ. ಅದರ ಗಾಲಿಗಳನ್ನ ಕಿತ್ತು ಅದೇ ಲೇತ್ ಅಂಗಡಿಯಲ್ಲಿ ಉದ್ದದ ಅಚ್ಚು ಮಾಡಿಸಿ ಹಾಕಿದೀನಿ. ಬೆರಳಿನಿಂದ ನೂಕಿದರೆ ಮೇನಿನಿಂದ ಲೂಪಿಗೆ ಸದ್ದಿಲ್ಲದೆ ಹೋಗುತ್ತೆ. ಅಜ್ಜ ಕಿವಿ ಹತ್ತಿರ ಇಟ್ಟು ಕೇಳ್ತಾನೆ.

ಹಾವೇರಿ ಕಡೆಯ ಎರಡನೇ ಪಾಯಿಂಟಿನ ನಕ್ಷೆ ಅಂಟಿಸಿ ಆಗಿದೆ, ಸ್ಲೀಪರುಗಳನ್ನ ಸುಮ್ಮನೆ ಜೋಡಿಸಿಟ್ಟಿದೀನಿ. ಮುಂದಿನ ವಾರ ಹಾವೇರಿಯಲ್ಲಿ ಅಜ್ಜನ ಎಡಗಣ್ಣಿನ ಆಪರೇಷನ್ ಇದೆ. "ಕಣ್ಣು ಬಿಚ್ಚಿದ ಮ್ಯಾಲೆ ನಾ ಒಮ್ಮೆ ನೋಡ್ತೇನಿ, ಅಲ್ಲೀತನಕ ಗೋಂದ ಹಚ್ಚಬ್ಯಾಡ" ಅಂದಿದ್ದಾನೆ. ಹಚ್ಚಿಲ್ಲ.