ತಕ್ಕಡಿ ಏರಿದ ಪಾವು

ಶ್ರೀನಿವಾಸಪುರದ ಆ ಮನೆಯಲ್ಲಿ ಹಿತ್ತಾಳೆಯ ಪಾವಿಗೆ ಹಿಟ್ಟಿನ ಡಬ್ಬದೊಳಗೇ ಜಾಗ. ಅಮ್ಮ ಅಳೆಯುವಾಗ ‘ಒಂದು’ ಎನ್ನುತ್ತಿರಲಿಲ್ಲ. ‘ಲಾಭ’ ಎಂದು ಶುರು ಮಾಡಿ ‘ಎರಡು’ ಎನ್ನುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಪಾವು ಹಳೇ ಪಾತ್ರೆಗಳ ಜೊತೆ ಮಾರಾಟವಾಯಿತು. ಜೀವಮಾನವೆಲ್ಲ ಅಳೆದದ್ದು ಕೊನೆಗೆ ತಾನೇ ತಕ್ಕಡಿ ಏರಿತು.

ಉಳಿದದ್ದು ಅಮ್ಮನ ಅಡುಗೆ ನೋಟ್‌ಬುಕ್ಕು. ಮಾಲೂರಿನ ಮಗಳು ಅಪ್ಪನನ್ನು ತನ್ನ ಮನೆಗೆ ಕರೆತಂದಾಗ ಅದನ್ನೂ ತಂದಳು. ‘ಮುದ್ದೆಗೆ ಹಿಟ್ಟು ಎರಡು ಪಾವು, ಎಸರು ನಾಲ್ಕು ಪಾವು’ ಎಂದಿತ್ತು. ಪಾವೆಂದರೆ ಎಷ್ಟು? ಕೋಲಾರದಿಂದ ಅಣ್ಣ ಫೋನಿನಲ್ಲೇ ಲೆಕ್ಕ ಮುಗಿಸಿದ: “ಸೇರಲ್ಲಿ ಕಾಲು ಭಾಗ ಪಾವು. ಸೇರು ಅಂದ್ರೆ ಹೆಚ್ಚುಕಮ್ಮಿ ಕಿಲೋ. ಅಲ್ಲಿಗೆ 250 ಗ್ರಾಂ.”

ಮಗಳು ಅರ್ಧ ಕಿಲೋ ಹಿಟ್ಟು ತೂಗಿದಳು, ಒಂದು ಲೀಟರ್ ಎಸರಿಟ್ಟಳು. ಕೋಲು ತಿರುಗಲಿಲ್ಲ. ಮುದ್ದೆ ಕಲ್ಲಾಯಿತು. ಅಪ್ಪ ಒಂದು ಮಾತೂ ಆಡದೆ ಅರ್ಧ ನುಂಗಿ ಕೈ ತೊಳೆದರು. ಮೂರು ರಾತ್ರಿ ಇದೇ ಕಥೆ. ನಾಲ್ಕನೆಯ ದಿನ “ನಂಗೆ ಅನ್ನವೇ ಸಾಕಮ್ಮ” ಎಂದರು. ಹುಟ್ಟಿದಾಗಿನಿಂದ ಮುದ್ದೆ ಉಂಡವರು ಆಡುವ ಮಾತೇ ಅದು?

ಅಣ್ಣನ ಲೆಕ್ಕವೇನೂ ಪೂರಾ ತಪ್ಪಲ್ಲ. ಸೇರೆಂಬ ಹೆಸರು ತೂಕಕ್ಕೂ ಇತ್ತು, ಅಳತೆಗೂ ಇತ್ತು. 80 ತೊಲದ ತೂಕದ ಸೇರು ಸುಮಾರು 933 ಗ್ರಾಂ. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋ ಬಂದಾಗ ಆ ಸೇರು ಸುಲಭವಾಗಿ ಅದರೊಳಗೆ ಕರಗಿತು. ಅಡುಗೆಮನೆಯ ಪಾವು ಮಾತ್ರ ಹಿಡಿಯುವ ಜಾಗದ ಲೆಕ್ಕ. ಆ ಜಾಗದಲ್ಲಿ ಏನು ತುಂಬಿದೆಯೋ ಅದರ ಮೇಲೆ ತೂಕ.

ಮುಳಬಾಗಿಲಿನಿಂದ ಬಂದ ಚಿಕ್ಕಮ್ಮ ಕಥೆ ಕೇಳಿ ನಕ್ಕರು. “ಹಿಟ್ಟನ್ನ ತೂಗಿ ನೀರನ್ನ ಅಳೆದ್ರೆ ಹೆಂಗೆ ಹೊಂದ್ಕೊಂತದೆ? ಎರಡನ್ನೂ ಒಂದೇ ಲೋಟದಲ್ಲಿ ಅಳಿಯೇ.”

“ಅಮ್ಮನ ಪಾವು ಹೋಯ್ತಲ್ಲ ಚಿಕ್ಕಮ್ಮ?”

“ಹೋದ್ರೆ ಹೋಗ್ಲಿ. ಯಾವ ಲೋಟವಾದ್ರೇನು, ಒಂದಕ್ಕೆ ಎರಡು ಅನ್ನೋದು ಬದಲಾಗ್ತದಾ?”

ಕುತೂಹಲಕ್ಕೆ ಮಗಳು ಕಾಲು ಲೀಟರಿನ ಲೋಟದಲ್ಲಿ ಒಂದೊಂದನ್ನೇ ತುಂಬಿ ತೂಗಿದಳು. ನೀರು 250 ಗ್ರಾಂ, ಅಕ್ಕಿ ಇನ್ನೂರು ಚಿಲ್ಲರೆ, ರಾಗಿ ಹಿಟ್ಟು ಬರೀ 140ರ ಆಸುಪಾಸು. ಕುಟ್ಟಿ ಕೂರಿಸಿದರೆ ಹಿಟ್ಟು ಇನ್ನಷ್ಟು ಹಿಡಿಯಿತು. ಅಂದರೆ ಇಷ್ಟು ದಿನ ಬೇಕಾದ್ದಕ್ಕಿಂತ ಒಂದೂಮುಕ್ಕಾಲು ಪಾಲು ಹಿಟ್ಟು ಸುರಿದಿದ್ದಳು!

ಆ ರಾತ್ರಿ ಲೋಟ ಹಿಡಿದು ‘ಲಾಭ’ ಎಂದಳು. ಕೋಲು ಸರಾಗ ತಿರುಗಿತು. ಅಪ್ಪ ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದಿ ನುಂಗಿದರು. ತಟ್ಟೆ ಖಾಲಿಯಾಯಿತು. ತಲೆ ಎತ್ತದೆಯೇ ಹೇಳಿದರು:

“ಇನ್ನೊಂದರ್ಧ ಹಾಕಮ್ಮ.”