ಅಗಲ ಟಯರೋ? ಸಪೂರ ಟಯರೋ?

ಮಕ್ಕಳೇ, ನಿಮ್ಮ ಸೈಕಲಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದೀರಾ? ಸುಲಭವಾಗಿ ತಗ್ಗಿದರೆ ನಿಮ್ಮ ಕಾಲಿನ ಬಲ ಪೋಲಾಗುತ್ತಿದೆ ಎಂದು ತಿಳಿಯಿರಿ.

ಬದಿಯಡ್ಕದ ಹತ್ತಿರದ ನಮ್ಮ ಮನೆಯಿಂದ ನಾನು ದಿನಾ ಬೆಳಗ್ಗೆ ಸೈಕಲಿನಲ್ಲಿ ಹಾಲು ಕೊಂಡೊಯ್ಯುತ್ತಿದ್ದೆ. ತಡವಾದರೆ ಸೊಸೈಟಿಯ ಬಾಗಿಲು ಮುಚ್ಚುತ್ತಿತ್ತು. ಆ ದಿನದ ದುಡ್ಡಿಲ್ಲ. ಟಯರಿನ ಗಾಳಿ ಇಳಿದ ದಿನ ಯಾರೋ ಹಿಂದಿನಿಂದ ಎಳೆದಂತಾಗುತ್ತಿತ್ತು. ಯಾಕೆ ಗೊತ್ತೇ? ನೆಲಕ್ಕೆ ತಾಗುವಲ್ಲಿ ಟಯರು ಚಪ್ಪಟೆಯಾಗುತ್ತದೆ, ಮೇಲೆದ್ದಾಗ ಮೊದಲಿನಂತಾಗುತ್ತದೆ. ಹೀಗೆ ಬಾಗಿಸಲು ಹೋದ ಶಕ್ತಿಯೆಲ್ಲ ತಿರುಗಿ ಸಿಗುವುದಿಲ್ಲ. ಒಂದಷ್ಟು ಬಿಸಿಯಾಗಿ ಹೋಗುತ್ತದೆ. ದೂರದಿಂದ ಓಡಿ ಬಂದ ಲಾರಿಯ ಟಯರು ಬಿಸಿಯಾಗಿರುತ್ತದಲ್ಲ, ಹಾಗೆ.

ಸಪೂರ ಟಯರೇ ಹಗುರವಾಗಿ ಓಡುತ್ತದೆ ಎನ್ನುವವರಿದ್ದಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಒಂದೇ ಬಗೆಯ ಎರಡು ಟಯರುಗಳಿಗೆ ಒಂದೇ ಒತ್ತಡದಲ್ಲಿ ಗಾಳಿ ತುಂಬಿದರೆ ಎರಡೂ ಹೆಚ್ಚುಕಡಿಮೆ ಅಷ್ಟೇ ನೆಲವನ್ನು ಮುಟ್ಟುತ್ತವೆ. ಆದರೆ ಸಪೂರ ಟಯರಿನ ಗುರುತು ಸೌತೆಕಾಯಿಯಂತೆ ಉದ್ದ. ಅಗಲ ಟಯರಿನದು ಗಿಡ್ಡ. ಗುರುತು ಉದ್ದವಾದಷ್ಟೂ ಟಯರು ಹೆಚ್ಚು ಬಾಗುತ್ತದೆ. ಅಂದರೆ ಇಲ್ಲಿ ಅಗಲದ್ದೇ ಹಗುರ! ಸಪೂರ ಟಯರಿಗೆ ಹೆಚ್ಚು ಒತ್ತಡದಲ್ಲಿ ಗಾಳಿ ತುಂಬಬಹುದು. ನುಣುಪಾದ ಡಾಮರು ರಸ್ತೆಯಲ್ಲಿ ಅದು ಗೆಲ್ಲುವುದು ಹೀಗೆ.

ಕಲ್ಲು ಎದ್ದ ದಾರಿಯಲ್ಲಿ ಗಟ್ಟಿ ಟಯರು ಕುಲುಕುತ್ತದೆ. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿಯ ಟಯರು ಮಾಡಿ 1888ರಲ್ಲಿ ಪೇಟೆಂಟ್ ಪಡೆದರು. ಅವರು ಅದನ್ನು ಮಾಡಿದ್ದೂ ಮಗನ ಮೂರುಚಕ್ರದ ಸೈಕಲಿನ ಕುಲುಕಾಟ ತಪ್ಪಿಸಲೆಂದೇ.

ಬೇಕಲದ ಕಡಲ ಕರೆಗೆ ಹೋದರೆ ಲೆಕ್ಕ ಮತ್ತೆ ಬದಲು. ಹೊಯಿಗೆಯಲ್ಲಿ ಸಪೂರ ಟಯರು ಹೂತುಹೋಗುತ್ತದೆ. ಅಲ್ಲಿ ಅಗಲ ಟಯರು, ಕಡಿಮೆ ಗಾಳಿ ಬೇಕು.

ನಿಮ್ಮ ಟಯರಿನ ಬದಿಯನ್ನು ಒರೆಸಿ ನೋಡಿ. ಅದರ ಅಗಲವೂ ಗಾಳಿಯ ಮಿತಿಯೂ ಅಲ್ಲೇ ಅಚ್ಚಾಗಿರಬಹುದು.